ಎನ್‌ಎಲ್‌ಆರ್ 4 ದಾಟಿದೆ, ಅಮ್ಮನಿಗೆ ಮುಂದಿನ ಔಷಧಿ ಕೆಲಸ ಮಾಡಲ್ವಾ?

ಪ್ರಶ್ನೆ (ಸೋಮವಾರಪೇಟೆಯಿಂದ ಒಬ್ಬ ಮಗಳು):

ನಮಸ್ತೆ ಮೇಡಂ. ಅಮ್ಮನಿಗೆ 58 ವರ್ಷ. 2019ರಲ್ಲಿ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎರಡೂ ಆಗಿತ್ತು. ಎರಡು ವರ್ಷದ ಹಿಂದೆ ಮೂಳೆಗೆ, ಲಿವರ್‌ಗೆ ಹರಡಿದೆ ಅಂತ ಗೊತ್ತಾಯಿತು. ಗಡ್ಡೆಯ ಪರೀಕ್ಷೆಯಲ್ಲಿ ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಅಂತ ಬಂದಿದೆ. ಮಾತ್ರೆಗಳು ಆದವು. ಆಮೇಲೆ ವಾರ ವಾರ ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಕೊಟ್ಟರು. ಈ ಸಲದ ಸ್ಕ್ಯಾನ್‌ನಲ್ಲಿ ಲಿವರ್ ಗಡ್ಡೆ ಸ್ವಲ್ಪ ಬೆಳೆದಿದೆ. ಮುಂದೆ ಎರಿಬುಲಿನ್ ಅನ್ನುವ ಕೀಮೋ ಇಂಜೆಕ್ಷನ್ ಶುರು ಮಾಡೋಣ ಅಂತ ನಮ್ಮ ಡಾಕ್ಟರ್ ಹೇಳಿದ್ದಾರೆ.

ಮನೆಗೆ ಬಂದ ಸಂಬಂಧಿಕರೊಬ್ಬರು ರಕ್ತದ ರಿಪೋರ್ಟ್ ನೋಡಿ, ಮೊಬೈಲ್‌ನಲ್ಲಿ ಏನೋ ಓದಿ, "ಎನ್‌ಎಲ್‌ಆರ್ 4 ದಾಟಿದೆ, 3ರ ಮೇಲಿದ್ದರೆ ಔಷಧಿ ಹತ್ತುವುದಿಲ್ಲ, ಸುಮ್ನೆ ದುಡ್ಡು ಸುರಿಯಬೇಡಿ" ಅಂದರು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಅದು ಕೇಳಿಸಿತು. ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ರಿಪೋರ್ಟ್ ಹೀಗಿದೆ: ಬಿಳಿ ರಕ್ತಕಣ 7200, ನ್ಯೂಟ್ರೋಫಿಲ್ 74%, ಲಿಂಫೋಸೈಟ್ 18%, ಪ್ಲೇಟ್‌ಲೆಟ್ 3.1 ಲಕ್ಷ, ಹಿಮೋಗ್ಲೋಬಿನ್ 10.4. ಅವರು ಹೇಳಿದ್ದು ನಿಜವಾ ಮೇಡಂ?

ಉತ್ತರ (ಕ್ಯಾನ್ಸರ್ ಡಾಕ್ಟರ್, ಊರು ಗೋಣಿಕೊಪ್ಪಲು, ಕೆಲಸ ಮೈಸೂರಿನಲ್ಲಿ):

ಮೊದಲು ಅಮ್ಮನ ಹತ್ತಿರ ಕೂತು ಇದೊಂದು ಮಾತು ಹೇಳಿ. ಈ ಅಂಕಿಯೊಂದನ್ನೇ ನೋಡಿ ಔಷಧಿ ಕೊಡಬೇಕಾ ಬೇಡವಾ ಅಂತ ಯಾರೂ ತೀರ್ಮಾನ ಮಾಡುವುದಿಲ್ಲ. ಮಾಡಲೂ ಬಾರದು. ಹಾರ್ಮೋನ್, ಹರ್-2 ರಿಪೋರ್ಟ್ ಏನಿದೆ, ಈವರೆಗೆ ಯಾವ ಔಷಧಿ ಆಗಿದೆ, ಲಿವರ್ ಹೇಗೆ ಕೆಲಸ ಮಾಡುತ್ತಿದೆ, ಅಮ್ಮ ಎದ್ದು ಓಡಾಡಿಕೊಂಡು ಇದ್ದಾರಾ, ಅವರಿಗೆ ಏನು ಬೇಕು, ಇವೆಲ್ಲ ನೋಡಿಯೇ ನಿಮ್ಮ ಡಾಕ್ಟರ್ ಎರಿಬುಲಿನ್ ಅಂದಿರುತ್ತಾರೆ.

ಈಗ ಎನ್‌ಎಲ್‌ಆರ್ ವಿಷಯ. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ರಕ್ತಕಣದ ಬಗೆಗಳು. ನ್ಯೂಟ್ರೋಫಿಲ್ ಎಷ್ಟಿದೆಯೋ ಅದನ್ನು ಲಿಂಫೋಸೈಟ್‌ನಿಂದ ಭಾಗಿಸಿದರೆ ಬರುವ ಅಂಕಿ ಅದು. 74 ಭಾಗಿಸು 18, ಅಂದರೆ 4.1. ನ್ಯೂಟ್ರೋಫಿಲ್ ಉರಿಯೂತದ ಕಡೆಯ ಕಣ. ಸೋಂಕು ಬಂದಾಗ ಮೊದಲು ಓಡಿ ಬರುವುದು ಇದೇ. ಕ್ಯಾನ್ಸರ್ ಇರುವಾಗ ಗಡ್ಡೆಯಿಂದ ಹೊರಡುವ ಸಂಕೇತಗಳಿಂದಲೂ ಮೂಳೆಮಜ್ಜೆ ಇದನ್ನು ಜಾಸ್ತಿ ತಯಾರಿಸುತ್ತದೆ. ಕೆಲವು ನ್ಯೂಟ್ರೋಫಿಲ್‌ಗಳು ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಲಿಂಫೋಸೈಟ್ ಇನ್ನೊಂದು ಕಡೆ ಇದೆ. ಕ್ಯಾನ್ಸರ್ ಜೀವಕೋಶವನ್ನು ಗುರುತಿಸಿ ಕೊಲ್ಲುವ ಶಕ್ತಿ ಇರುವುದು ಇದಕ್ಕೆ. ಹಾಗಾಗಿ ಈ ಅಂಕಿ ಏರಿದ್ದರೆ ಮೈಯಲ್ಲಿ ಉರಿಯೂತ ಜಾಸ್ತಿ, ಕಾವಲು ಕಮ್ಮಿ ಅಂತ ಸ್ಥೂಲವಾಗಿ ಹೇಳಬಹುದು. ಸಾವಿರಾರು ರೋಗಿಗಳ ಲೆಕ್ಕ ತೆಗೆದಾಗ, ಎನ್‌ಎಲ್‌ಆರ್ ಹೆಚ್ಚಿದ್ದ ಗುಂಪಿನವರು ಸರಾಸರಿಯಲ್ಲಿ ಕಡಿಮೆ ಕಾಲ ಬದುಕಿದ್ದು ಕಂಡಿದೆ. ಇದು ನಿಜ, ಮುಚ್ಚಿಡುವುದಿಲ್ಲ.

ಆದರೆ ನಿಮ್ಮ ಸಂಬಂಧಿಕರು ಎರಡು ಬೇರೆ ಬೇರೆ ಮಾತನ್ನು ಒಂದೇ ಅಂದುಕೊಂಡಿದ್ದಾರೆ. ನಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಸರಿಯಾಗಿ ಬಂದರೆ ಆ ವರ್ಷ ಕಾಫಿ ಫಸಲು ಚೆನ್ನಾಗಿರುತ್ತದೆ ಅಂತ ಅಂದಾಜು ಮಾಡುತ್ತೇವೆ ಅಲ್ವಾ? ಆದರೆ ಯಾವ ಗೊಬ್ಬರ ಹಾಕಬೇಕು ಅಂತ ಹೂಮಳೆ ಹೇಳುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆ ಬೇಕು. ಮಣ್ಣು ಹುಳಿ ಅಂತ ಬಂದರೆ ಸುಣ್ಣ ಹಾಕಿದರೆ ಉಪಯೋಗ ಅಂತ ಗೊತ್ತಾಗುತ್ತದೆ. ಎನ್‌ಎಲ್‌ಆರ್ ಹೂಮಳೆಯ ಥರ. ಯಾವ ಔಷಧಿ ಕೊಟ್ಟರೂ ಕಾಯಿಲೆಯ ದಾರಿ ಒಟ್ಟಾರೆ ಹೇಗಿರಬಹುದು ಅನ್ನುವ ಅಂದಾಜು. ಈ ಔಷಧಿ ಈ ರೋಗಿಗೆ ಹತ್ತುತ್ತದಾ ಅನ್ನುವುದು ಮಣ್ಣು ಪರೀಕ್ಷೆಯ ಪ್ರಶ್ನೆ. ಎನ್‌ಎಲ್‌ಆರ್ ಅದಕ್ಕೆ ಉತ್ತರ ಕೊಡುವುದಿಲ್ಲ.

ಎರಿಬುಲಿನ್ ವಿಷಯದಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ. ಜಪಾನಿನ ಕಡಲ ಸ್ಪಂಜಿನಲ್ಲಿ ಸಿಕ್ಕ ವಸ್ತುವಿನ ಮಾದರಿಯಲ್ಲಿ ತಯಾರಿಸಿದ ಔಷಧಿ ಅದು. ಎಂಬ್ರೇಸ್ ಅನ್ನುವ ದೊಡ್ಡ ಪರೀಕ್ಷೆಯಲ್ಲಿ 762 ಮಹಿಳೆಯರಿದ್ದರು. ಎಲ್ಲರಿಗೂ ಕಾಯಿಲೆ ಮುಂದುವರಿದಿತ್ತು, ಹಲವು ಕೀಮೋ ಮೊದಲೇ ಆಗಿತ್ತು. 2011ರಲ್ಲಿ ಬಂದ ಫಲಿತಾಂಶದಲ್ಲಿ, ಡಾಕ್ಟರ್ ಆರಿಸಿದ ಬೇರೆ ಚಿಕಿತ್ಸೆ ಪಡೆದವರಿಗಿಂತ ಎರಿಬುಲಿನ್ ಪಡೆದವರು ಹೆಚ್ಚು ಕಾಲ ಬದುಕಿದ್ದರು. ಕೆಲವು ವರ್ಷ ಬಿಟ್ಟು ಅದೇ ಮಹಿಳೆಯರ ರಕ್ತದ ಲೆಕ್ಕವನ್ನು ತಿರುಗಿ ನೋಡಿದರು. ಎನ್‌ಎಲ್‌ಆರ್ 3ರ ಒಳಗಿದ್ದವರು ಎರಡೂ ಗುಂಪಿನಲ್ಲೂ ಚೆನ್ನಾಗಿದ್ದರು, ಯಾವ ಔಷಧಿಯಾದರೂ ಸರಿ. ಅದೇ ಹೂಮಳೆ. ಲಿಂಫೋಸೈಟ್ ಎಣಿಕೆ 1500 ಅಥವಾ ಜಾಸ್ತಿ ಇದ್ದವರಲ್ಲಿ ಮಾತ್ರ ಎರಿಬುಲಿನ್‌ನ ಲಾಭ ಬೇರೆ ಔಷಧಿಗಿಂತ ಎದ್ದು ಕಂಡಿತು. ಇದು ಸ್ವಲ್ಪ ಮಣ್ಣು ಪರೀಕ್ಷೆಯ ಹಾಗಿದೆ. ಆದರೂ ಮೊದಲೇ ಗೊತ್ತುಮಾಡಿಕೊಂಡು ಮಾಡಿದ ಪರೀಕ್ಷೆ ಅಲ್ಲ, ಆಮೇಲೆ ಹಿಂದೆ ತಿರುಗಿ ಹಾಕಿದ ಲೆಕ್ಕ. ಅದರ ಮೇಲೆ ಅಷ್ಟೇ ಭಾರ ಹಾಕಬೇಕು.

ಅಮ್ಮನ ಲಿಂಫೋಸೈಟ್ 7200ರಲ್ಲಿ 18%, ಅಂದರೆ ಸುಮಾರು 1300. ಆದರೆ ಈ ರಿಪೋರ್ಟ್ ಬಗ್ಗೆಯೇ ನನಗೊಂದು ಅನುಮಾನ. ರಕ್ತ ಕೊಟ್ಟಿದ್ದು ಯಾವತ್ತು? ಹಿಂದಿನ ದಿನ ಡೆಕ್ಸಾ ಕೊಟ್ಟಿದ್ದರಾ? ಜ್ವರ, ಕೆಮ್ಮು, ಹಲ್ಲುನೋವು, ಮೂತ್ರದ ಉರಿ ಏನಾದರೂ ಇತ್ತಾ?

ಸೋಮವಾರಪೇಟೆ:

ಮೇಡಂ, ಫೈಲ್ ತೆಗೆದು ನೋಡಿದೆ. ಕೊನೆಯ ಪ್ಯಾಕ್ಲಿಟಾಕ್ಸೆಲ್ ಸೋಮವಾರ, ರಕ್ತ ಕೊಟ್ಟಿದ್ದು ಮಂಗಳವಾರ ಬೆಳಿಗ್ಗೆ. ಸೋಮವಾರ ಕೀಮೋಗೆ ಮೊದಲು ಡೆಕ್ಸಾ ಇಂಜೆಕ್ಷನ್ ಅಂತ ಬರೆದಿದೆ.

ಡಾಕ್ಟರ್:

ಹಾಗಾದರೆ ಆ 4.1ನ್ನು ಮರೆತುಬಿಡಿ. ಡೆಕ್ಸಾ ಸ್ಟೀರಾಯ್ಡ್. ಅದು ರಕ್ತನಾಳದ ಗೋಡೆಗೆ ಅಂಟಿಕೊಂಡಿರುವ ನ್ಯೂಟ್ರೋಫಿಲ್‌ಗಳನ್ನು ಬಿಡಿಸಿ ಹರಿವಿಗೆ ತರುತ್ತದೆ. ಲಿಂಫೋಸೈಟ್‌ಗಳನ್ನು ರಕ್ತದಿಂದ ಆಚೆ ಕಳಿಸುತ್ತದೆ. ಮೇಲಿನ ಅಂಕಿ ಏರಿತು, ಕೆಳಗಿನದು ಇಳಿಯಿತು. ಕಾಯಿಲೆ ಒಂದಿಷ್ಟೂ ಬದಲಾಗದೆ ಎನ್‌ಎಲ್‌ಆರ್ ಏರಿಬಿಡುತ್ತದೆ. ಕೌಂಟ್ ಏರಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟ ಮೇಲೂ ಹೀಗೇ. ಸೋಂಕು ಇದ್ದರೂ ಅಷ್ಟೇ. ಬೆನ್ನುಮೂಳೆಗೆ, ಸೊಂಟಕ್ಕೆ ರೇಡಿಯೇಷನ್ ಆಗಿದ್ದರೆ ಲಿಂಫೋಸೈಟ್ ತಿಂಗಳುಗಟ್ಟಲೆ ಕಡಿಮೆ ಇರಬಹುದು. ಎರಿಬುಲಿನ್ ಶುರು ಮಾಡುವ ಮೊದಲು ಹೇಗಿದ್ದರೂ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ಮಾಡುತ್ತಾರೆ. ಅದನ್ನು ಇಲ್ಲಿ ಹಾಕಿ. ಆದಷ್ಟು ಅದೇ ಲ್ಯಾಬ್‌ನಲ್ಲಿ ಮಾಡಿಸಿ.

ವಿರಾಜಪೇಟೆಯಿಂದ ಒಬ್ಬರು:

ಮೇಡಂ, ನನ್ನ ಹೆಂಡತಿ ಸ್ತನ ಕ್ಯಾನ್ಸರ್‌ಗೆ ಪಾಲ್ಬೋಸಿಕ್ಲಿಬ್ ಮಾತ್ರೆ ತಗೊಳ್ತಿದ್ದಾಳೆ. ನ್ಯೂಟ್ರೋಫಿಲ್ 900ಕ್ಕೆ ಇಳಿದಿದೆ ಅಂತ ಒಂದು ವಾರ ಮಾತ್ರೆ ನಿಲ್ಲಿಸಿದ್ದಾರೆ. ನಿಲ್ಲಿಸಿದರೆ ಕಾಯಿಲೆ ಜಾಸ್ತಿ ಆಗಲ್ವಾ? ಪಕ್ಕದ ಮನೆಯವರು ಪಪ್ಪಾಯಿ ಎಲೆ ರಸ ಕೊಡಿ, ಕೌಂಟ್ ಏರುತ್ತೆ ಅಂತಾರೆ.

ಡಾಕ್ಟರ್:

ನಿಲ್ಲಿಸಿದ್ದು ಸರಿ. ಕೀಮೋ ಮಜ್ಜೆಯ ಜೀವಕೋಶಗಳನ್ನು ಕೊಲ್ಲುತ್ತದೆ, ಪಾಲ್ಬೋಸಿಕ್ಲಿಬ್ ಅವು ಎರಡಾಗಿ ಒಡೆಯುವುದನ್ನು ತಡೆದು ಮಲಗಿಸುತ್ತದೆ. ಮಾತ್ರೆ ಬಿಟ್ಟರೆ ಬೇಗ ಏಳುತ್ತವೆ. ಈ ಔಷಧಿಯ ದೊಡ್ಡ ಪರೀಕ್ಷೆಯಲ್ಲಿ 100ಕ್ಕೆ ಸುಮಾರು 80 ಜನರಿಗೆ ನ್ಯೂಟ್ರೋಫಿಲ್ ಇಳಿದಿತ್ತು. ಅದರ ಜೊತೆಗೆ ಜ್ವರ ಬಂದಿದ್ದು 2%ಕ್ಕಿಂತ ಕಡಿಮೆ ಜನಕ್ಕೆ. 1000 ಮುಟ್ಟಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ಬೇಕಾದರೆ 125ರಿಂದ 100 ಮಿಲಿಗ್ರಾಂಗೆ ಇಳಿಸುತ್ತಾರೆ. ಇಳಿಸಿದ್ದರಿಂದ ಲಾಭ ಕಳೆದುಹೋಗುವುದು ಕಂಡಿಲ್ಲ.

ಪಪ್ಪಾಯಿ ರಸ ಬೇಡ. ಜನ ಅದನ್ನು ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗೆ ಅಂತ ಕುಡಿಯುತ್ತಾರೆ, ನಿಮ್ಮ ಸಮಸ್ಯೆ ನ್ಯೂಟ್ರೋಫಿಲ್. ನ್ಯೂಟ್ರೋಫಿಲ್ ಕಡಿಮೆ ಇರುವಾಗ ಹಸಿ ಎಲೆ ಅರೆದ ರಸ ಹೊಟ್ಟೆಗೆ ಸೋಂಕು ತರಬಹುದು. ಇನ್ನೊಂದು ಮಾತು, ಕೊಡಗಿನವರಿಗೆ ಇದನ್ನು ಹೇಳಲೇಬೇಕು. ಹಿತ್ತಲಲ್ಲಿ ಚಕ್ಕೋತದ ಮರ ಇದೆಯಾ? ಈ ಮಾತ್ರೆ ತಗೊಳ್ಳುತ್ತಿರುವಷ್ಟು ದಿನ ಚಕ್ಕೋತ ಮುಟ್ಟಿಸಬೇಡಿ. ಚಕ್ಕೋತ, ಗ್ರೇಪ್‌ಫ್ರೂಟ್ ಥರದ ಹಣ್ಣುಗಳು ಲಿವರ್ ಈ ಔಷಧಿಯನ್ನು ಕರಗಿಸುವುದನ್ನು ನಿಧಾನ ಮಾಡುತ್ತವೆ. ರಕ್ತದಲ್ಲಿ ಔಷಧಿ ಜಾಸ್ತಿಯಾಗಿ ಕೌಂಟ್ ಇನ್ನೂ ಇಳಿಯಬಹುದು. ಕಿತ್ತಳೆ ತಿನ್ನಲಿ, ಅಡ್ಡಿ ಇಲ್ಲ.

ನಾಪೋಕ್ಲುವಿನಿಂದ:

ಕೌಂಟ್ ಕಮ್ಮಿ ಇರುವಾಗ ರಾತ್ರಿ ಜ್ವರ ಬಂದರೆ ಏನು ಮಾಡೋದು ಮೇಡಂ? ಮಳೆಗೆ ಮರ ಬಿದ್ದರೆ ನಮ್ಮ ರಸ್ತೆಯೇ ಬಂದ್.

ಡಾಕ್ಟರ್:

ಎನ್‌ಎಲ್‌ಆರ್‌ಗಿಂತ ನೂರು ಪಾಲು ಮುಖ್ಯವಾದ ಪ್ರಶ್ನೆ ಇದು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಕೀಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬೇಡಿ. ಜ್ವರ ಇಳಿದ ಹಾಗೆ ಕಾಣುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇದ್ದರೆ ಕೆಲವೇ ಗಂಟೆಯಲ್ಲಿ ಬಿಪಿ ಕುಸಿಯಬಹುದು. ಮೈಸೂರಿಗೇ ಹೋಗಬೇಕು ಅಂತ ಮಡಿಕೇರಿ ದಾಟಿ 120 ಕಿಲೋಮೀಟರ್ ಓಡಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ "ಕೀಮೋ ರೋಗಿ, ಇಷ್ಟನೇ ದಿನ, ಜ್ವರ ಬಂದಿದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಮೊದಲ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಅಲ್ಲೇ ಬೀಳಲಿ, ಆಮೇಲೆ ಮೈಸೂರಿನ ಮಾತು. ಡಿಸ್ಚಾರ್ಜ್ ಸಮ್ಮರಿ, ಕೊನೆಯ ಸಿಬಿಸಿ ಎರಡನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಬಾಗಿಲ ಹತ್ತಿರ ಇಟ್ಟಿರಿ. ರಸ್ತೆ ಬಂದ್ ಆಗುವ ಊರಿನವರು ಜುಲೈ, ಆಗಸ್ಟ್‌ನಲ್ಲಿ ಕೌಂಟ್ ಬೀಳುವ ವಾರ ಪೇಟೆಯ ನೆಂಟರ ಮನೆಯಲ್ಲಿ ಇದ್ದರೆ ಒಳ್ಳೆಯದು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಸೋಮವಾರಪೇಟೆ (ಹತ್ತು ದಿನದ ನಂತರ):

ಮೇಡಂ, ಹೊಸ ರಿಪೋರ್ಟ್ ಬಂತು. ಬಿಳಿ ರಕ್ತಕಣ 6100, ನ್ಯೂಟ್ರೋಫಿಲ್ 66%, ಲಿಂಫೋಸೈಟ್ 24%. ಲೆಕ್ಕ ಮಾಡಿದೆ. ಎನ್‌ಎಲ್‌ಆರ್ 2.75, ಲಿಂಫೋಸೈಟ್ 1464. ನೀವು ಹೇಳಿದ 1500ಕ್ಕೆ ಇನ್ನೂ 36 ಕಮ್ಮಿ. ಇದಕ್ಕೇನು ಮಾಡೋದು?

ಡಾಕ್ಟರ್:

ಏನೂ ಮಾಡಬೇಡಿ. ಅದೇ ರಕ್ತವನ್ನು ಮೆಷಿನ್‌ಗೆ ಎರಡನೇ ಸಲ ಹಾಕಿದರೆ 36ಕ್ಕಿಂತ ಜಾಸ್ತಿ ವ್ಯತ್ಯಾಸ ಬರಬಹುದು. ಬೆಳಿಗ್ಗೆಗೂ ಸಂಜೆಗೂ ಲಿಂಫೋಸೈಟ್ ಬೇರೆ ಇರುತ್ತದೆ. 1500 ಗೆರೆ ಅಲ್ಲ, ಗುಂಪನ್ನು ಎರಡು ಭಾಗ ಮಾಡಲು ಸಂಶೋಧಕರು ಇಟ್ಟುಕೊಂಡ ಗುರುತು. 1200 ಇದ್ದು ಎರಿಬುಲಿನ್‌ನಿಂದ ಗಡ್ಡೆ ಕುಗ್ಗಿದವರನ್ನು ನಾನೇ ನೋಡಿದ್ದೇನೆ, 2000 ಇದ್ದೂ ಕುಗ್ಗದವರನ್ನೂ ನೋಡಿದ್ದೇನೆ. ಔಷಧಿ ಹತ್ತಿದೆಯಾ ಅಂತ ಹೇಳಬೇಕಾದ್ದು ಮುಂದಿನ ಸ್ಕ್ಯಾನ್, ಅಮ್ಮನ ನೋವು, ಅವರ ತೂಕ.

ಹಿಮೋಗ್ಲೋಬಿನ್ 10.4 ಇತ್ತಲ್ಲ, ಅದರ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಸುಸ್ತು ಕಡಿಮೆ ಮಾಡಲು ಅಲ್ಲಿ ಏನಾದರೂ ಮಾಡಲು ಸಾಧ್ಯ. ಅಮ್ಮ ಊಟ ಮಾಡುತ್ತಿದ್ದಾರಾ?

ಸೋಮವಾರಪೇಟೆ:

ಮಾಡ್ತಿದ್ದಾರೆ ಮೇಡಂ. ನಿನ್ನೆ ಎರಡು ಅಕ್ಕಿ ರೊಟ್ಟಿ ತಿಂದರು. ಮೊದಲ ಇಂಜೆಕ್ಷನ್ ಈ ಗುರುವಾರ. ಗೌರಿ ಹಬ್ಬಕ್ಕೆ ಮನೆಯಲ್ಲಿ ಇರಬಹುದಾ ಅಂತ ಕೇಳ್ತಿದ್ದಾರೆ. ಹಬ್ಬ ಇಂಜೆಕ್ಷನ್ ಆಗಿ ಇಪ್ಪತ್ತನೇ ದಿನಕ್ಕೆ ಬರುತ್ತೆ.

ಡಾಕ್ಟರ್:

ಎರಿಬುಲಿನ್ 1ನೇ ದಿನ, 8ನೇ ದಿನ ಕೊಡುತ್ತಾರೆ. 21 ದಿನಕ್ಕೆ ಒಂದು ಸುತ್ತು. ನ್ಯೂಟ್ರೋಫಿಲ್ ತೀರಾ ಕೆಳಗೆ ಇಳಿಯುವುದು ಸುಮಾರು 13ನೇ ದಿನ. ಆಮೇಲೆ ಏರುತ್ತಾ ಬರುತ್ತದೆ. 18ನೇ ದಿನ ಒಂದು ಸಿಬಿಸಿ ಮಾಡಿಸಿ ನಿಮ್ಮ ಡಾಕ್ಟರ್‌ಗೆ ತೋರಿಸಿ. ಕೌಂಟ್ ಚೆನ್ನಾಗಿದ್ದರೆ ಅಮ್ಮ ಹಬ್ಬಕ್ಕೆ ಮನೆಯಲ್ಲೇ ಇರಲಿ. ಕೆಮ್ಮು, ಶೀತ ಇರುವ ನೆಂಟರು ಆಚೆ ದಿನ ಬರಲಿ. ಬಾಗಿನ ನೀವೇ ಕೈಯಾರೆ ಕೊಡಿ.