ಅಪ್‌ಡೇಟ್: ಇಶಿಗಾಕಿಗೆ ಹೋಗಿ ಬಂದೆವು
ಜಪಾನಿನ ಓಕಿನಾವಾದ ಇಶಿಗಾಕಿ ದ್ವೀಪಕ್ಕೆ ಅಮ್ಮನ ಜೊತೆ ಹೋಗ್ತಿದ್ದೇನೆ, ಎಲ್ಲಿ ಈಜೋದು, ಸಸ್ಯಾಹಾರ ಸಿಗುತ್ತಾ ಅಂತ ಕೇಳಿದ್ದೆ ಅಲ್ವಾ? ಕಬೀರಾ ಕೊಲ್ಲಿಯ ಸಲಹೆ ಈಜಿಗೆ ಆಗಲಿಲ್ಲ, ಅಲ್ಲಿ ನೀರಿಗಿಳಿದು ಈಜುವಂತಿಲ್ಲ. ಗಾಜಿನ ತಳದ ದೋಣಿಯಲ್ಲಿ ಹವಳ ನೋಡಿದೆವು.

ತಾಕೆತೋಮಿ ದ್ವೀಪ ಸೂಚಿಸಿದವರಿಗೆ ತುಂಬಾ ಥ್ಯಾಂಕ್ಸ್! ದೋಣಿಯಲ್ಲಿ 10-15 ನಿಮಿಷ ಅಷ್ಟೇ. ಕೆಂಪು ಹೆಂಚಿನ ಮನೆಗಳು, ಹವಳದ ಕಲ್ಲಿನ ಗೋಡೆಗಳು, ನಿಧಾನಕ್ಕೆ ಸಾಗುವ ಎಮ್ಮೆ ಗಾಡಿ, ಅದನ್ನು ಓಡಿಸುತ್ತಲೇ ಮೂರು ತಂತಿಯ ಸನ್‌ಶಿನ್ ನುಡಿಸಿ ಹಾಡಿದ ಅಜ್ಜ, ಅಮ್ಮ ಇನ್ನೂ ಅದನ್ನೇ ಹೇಳುತ್ತಿದ್ದಾರೆ. ಅದೇ ದ್ವೀಪದ ಕೊಂದೋಯಿ ಬೀಚ್‌ನಲ್ಲಿ ತುಂಬಾ ದೂರದವರೆಗೂ ನೀರು ಆಳವಿಲ್ಲ.

ಅಲ್ಲಿನ ಸೋಬಾ (ಸಾರಿನಲ್ಲಿ ಕೊಡುವ ನೂಡಲ್ಸ್) ತಿನ್ನಲಾಗಲಿಲ್ಲ, ಸಾರೇ ಹಂದಿ ಮೂಳೆಯದು. ಮಾಂಸ, ಮೀನಿನ ಸಾರು ಬೇಡ ಅಂತ ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ ಅಂದಿದ್ದಿರಲ್ಲ, ಅದೇ ಕೆಲಸಕ್ಕೆ ಬಂತು. ಗೋಯಾ ಅಂದ್ರೆ ನಮ್ಮ ಹಾಗಲಕಾಯಿ! ತೋಫು ಹಾಕಿ ಹುರಿದು ಕೊಟ್ಟರು.