ಅಪ್‌ಡೇಟ್: ಕೆಲಸ ಬಿಟ್ಟು ಬಿ.ಎಡ್ ಮಾಡಲಾ ಅಂತ ಕೇಳಿದ್ದೆನಲ್ಲ

ಮೂರು ವಾರದ ಹಿಂದೆ ಇಲ್ಲೇ ಕೇಳಿದ್ದೆ. ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಕ್ವಾಲಿಟಿ ಕೆಲಸ, ಓದಿದ್ದು ಬಿ.ಇ. ಹೊಸ ಹುಡುಗರಿಗೆ ಕಲಿಸುವಾಗ ಸಿಗುವ ಖುಷಿ ಬೇರೆ ಯಾವುದರಲ್ಲೂ ಇಲ್ಲ, ಮೇಷ್ಟ್ರಾಗಿಬಿಡಲಾ ಅಂತ.

ಕೆಲಸ ಮಾಡ್ತಾನೇ ದೂರಶಿಕ್ಷಣದಲ್ಲಿ ಬಿ.ಎಡ್ ಮಾಡಿ ಅಂದಿದ್ದರು ಕೆಲವರು. ಅದು ಆಗಲ್ಲ. ಈಗಾಗಲೇ ಬೇರೊಂದು ಶಿಕ್ಷಕ ತರಬೇತಿ ಮುಗಿಸಿದವರಿಗೆ ಮಾತ್ರವಂತೆ. ರೆಗ್ಯುಲರ್ ಅಂದ್ರೆ 2 ವರ್ಷ ಸಂಬಳವಿಲ್ಲ.

'ಮೊದಲು ಒಂದು ಶಾಲೆಯಲ್ಲಿ ಪಾಠ ಮಾಡಿ ನೋಡಿ' ಅಂದವರಿಗೆ ದೊಡ್ಡ ನಮಸ್ಕಾರ. ಎರಡು ಶನಿವಾರ ಏಳನೇ ಕ್ಲಾಸಿಗೆ ಗಣಿತ ಹೇಳಿಕೊಟ್ಟೆ. ನಿಜ ಹೇಳ್ತೀನಿ, ಮಜಾ ಬರಲಿಲ್ಲ. ಆಮೇಲಿನ ಸೋಮವಾರ ಶಾಪಿನಲ್ಲಿ ಒಬ್ಬ ಹುಡುಗ ಮೈಕ್ರೋಮೀಟರಿನಲ್ಲಿ (ಸೂಕ್ಷ್ಮ ಅಳತೆಯ ಉಪಕರಣ) 12.70 ಮಿ.ಮೀ. ಇದ್ದದ್ದನ್ನು 12.20 ಅಂತ ಓದಿದ. ಸ್ಕೇಲಿನ ಕೆಳಗಡೆ ಇರೋ ಅರ್ಧ ಮಿಲಿಮೀಟರ್ ಗೆರೆಯನ್ನ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದ, ಎಲ್ಲರೂ ಮಾಡೋ ತಪ್ಪೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಸ್ಕೇಲ್ ಬರೆದೆ. 'ಓ, ಕೆಳಗಿನ ಗೆರೆನಾ ಸಾರ್!' ಅಂದ. ನನಗೆ ಬೇಕಿದ್ದದ್ದು ಇದು, ಕೈಯಲ್ಲಿ ಉಪಕರಣ ಹಿಡಿದು ಕಲಿಸೋದು.

ಕೊನೆಗೆ ದಾರಿ ತೋರಿಸಿದ್ದು ಐಟಿಐ ಬಗ್ಗೆ ಬರೆದವರ ಸಲಹೆ. ಐಟಿಐ ಇನ್‌ಸ್ಟ್ರಕ್ಟರ್ ಆಗೋಕೆ ಸಿಐಟಿಎಸ್ (ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಟ್ರೈನಿಂಗ್ ಸ್ಕೀಮ್) ಅಂತ 1 ವರ್ಷದ ತರಬೇತಿ ಇದೆ. ನಮ್ಮ ಬೆಂಗಳೂರಿನ ಎನ್‌ಎಸ್‌ಟಿಐನಲ್ಲೇ (ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ) ಇದೆ. ದಿನಾ ಓಡಾಡೋ ತುಮಕೂರು ರಸ್ತೆಯಲ್ಲೇ ಇದ್ದರೂ ನನಗೆ ಗೊತ್ತಿರಲಿಲ್ಲ ನೋಡಿ! ಇಂಜಿನಿಯರಿಂಗ್ ಓದಿದವರೂ ಸೇರಬಹುದು. ಮುಂದಿನ ಪ್ರವೇಶ ಪರೀಕ್ಷೆ ಬರೀತೀನಿ.

ಅಲ್ಲಿವರೆಗೆ ಕೆಲಸ ಬಿಡಲ್ಲ. ಮ್ಯಾನೇಜರ್ ಹತ್ರ ಸುಮ್ನೆ ಕೇಳಿ ನೋಡಿದೆ, ವಾರಕ್ಕೆ ಎರಡು ದಿನ ಟ್ರೈನಿಂಗಿಗೇ ಬಿಟ್ಟುಕೊಟ್ಟರು.