ಕೊಂಕಣದ ಯಹೂದಿಗಳ ಮನೆಬದುಕು ಯಾವ ಸಿನಿಮಾದಲ್ಲಿದೆ?

ಠಾಣೆ ಅಕ್ಕ:
ನಮ್ಮ ಕೆಳಗಿನ ಮನೆಯ ಅಜ್ಜಿ ಬೆನೆ ಇಸ್ರೇಲಿ, ಅಂದರೆ ಕೊಂಕಣದಲ್ಲಿ ನೆಲೆಸಿದ ಯಹೂದಿ ಸಮುದಾಯದವರು. ಮನೆಮಾತು ಮರಾಠಿ. ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದ ಪುಟ್ಟ ಮೆಜೂಜಾ (ಧರ್ಮಗ್ರಂಥದ ಸಾಲುಗಳ ಸುರುಳಿ ಇಟ್ಟ ಡಬ್ಬಿ) ಇದೆ, ಹೊರಗೆ ಹೊರಟಾಗಲೆಲ್ಲ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಮೊಮ್ಮಗನ ಮದುವೆಗೆ ಮುಂಚೆ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲಿದಾ ಮಾಡಿ ನಮಗೂ ಕೊಟ್ಟರು. ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣಿನ ಹೋಳು. ಬಾಯಿಗಿಟ್ಟರೆ ಅಷ್ಟಮಿಗೆ ನಮ್ಮಮ್ಮ ಮಾಡುತ್ತಿದ್ದ ಸಿಹಿ ಅವಲಕ್ಕಿಯೇ!

ಹೋದ ವಾರ ಇಬ್ಬರೂ ಕೂತು 1958ರ ‘ಯಹೂದಿ’ ನೋಡಿದೆವು. ಬಿಮಲ್ ರಾಯ್ ನಿರ್ದೇಶನ, ದಿಲೀಪ್ ಕುಮಾರ್, ಮೀನಾ ಕುಮಾರಿ. ಕಥೆ ನಡೆಯುವುದು ರೋಮನ್ನರ ಕಾಲದಲ್ಲಿ. ಮುಗಿದ ಮೇಲೆ ಅಜ್ಜಿ, ‘ಚೆನ್ನಾಗಿದೆ. ಗಾಣ ಆಡಿಸಿದ ನಮ್ಮವರ ಕಥೆ ಎಲ್ಲಿದೆ?’ ಅಂದರು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದ ಇವರ ಹಿರಿಯರು ಶನಿವಾರ ಗಾಣ ಮುಟ್ಟುತ್ತಿರಲಿಲ್ಲ, ಅದಕ್ಕೇ ಊರವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರು. ನನಗೆ ಉತ್ತರ ತೋಚಲಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಮಾಟುಂಗಾ ಮಾಮ:
ತೆರೆಯ ಮೇಲೆ ಅವರು ಬೇಕಾದಷ್ಟು ಜನ ಇದ್ದರು ತಾಯಿ, ಆದರೆ ಬೇರೆಯವರ ಹೆಸರಲ್ಲಿ. 1954ರ ‘ಬೂಟ್ ಪಾಲಿಶ್’ನ ಜಾನ್ ಚಾಚಾ ನೆನಪಿದೆಯಾ? ಆ ಪಾತ್ರ ಮಾಡಿದ ಡೇವಿಡ್ ಅಬ್ರಹಾಂ ಬೆನೆ ಇಸ್ರೇಲಿ, ನಿಮ್ಮ ಅಜ್ಜಿಯ ಕಡೆಯವರೇ. ‘ಶ್ರೀ 420’ರ ಮಾಯಾ, ಅಂದರೆ ನಾದಿರಾ, ಹುಟ್ಟುಹೆಸರು ಫ್ಲಾರೆನ್ಸ್ ಎಜೆಕಿಯೆಲ್. ಬಗ್ದಾದಿ ಯಹೂದಿ, ಅಂದರೆ ಬಗ್ದಾದ್ ಕಡೆಯಿಂದ ಬಂದ ಯಹೂದಿಗಳ ಪೈಕಿ. 1975ರಲ್ಲಿ ‘ಜೂಲಿ’ಯ ತಾಯಿಯಾದರು, ಅದೂ ಆಂಗ್ಲೋ ಇಂಡಿಯನ್ ಪಾತ್ರ. ಅಂಥ ಕಲಾವಿದರಿಗೆ ತಮ್ಮದೇ ಮನೆಯ ಒಂದು ಪಾತ್ರ ಸಿಗಲಿಲ್ಲವಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪುಣೆ ಕನ್ನಡತಿ:
ನಮ್ಮ ಪುಣೆಯ ಸುಲೋಚನಾ ಅವರನ್ನು ಬಿಡಬೇಡಿ! ಅವರೂ ಯಹೂದಿ, ಹುಟ್ಟುಹೆಸರು ರೂಬಿ ಮೈಯರ್ಸ್. ಟೆಲಿಫೋನ್ ಆಪರೇಟರ್ ಆಗಿದ್ದವರು ಮೂಕಿ ಚಿತ್ರಗಳ ರಾಣಿಯಾದರು. ಮಾತಿನ ಚಿತ್ರ ಬಂದಾಗ ಕೂತು ಹಿಂದೂಸ್ತಾನಿ ಕಲಿತು ಮತ್ತೆ ಬಂದರು. 1973ರ ಫಾಲ್ಕೆ ಪ್ರಶಸ್ತಿ ಅವರದು. ಮೊದಲ ಮಾತಿನ ಚಿತ್ರ ‘ಆಲಂ ಆರಾ’ಕ್ಕೆ ಮೂಲವಾದ ನಾಟಕ ಬರೆದ ಜೋಸೆಫ್ ಡೇವಿಡ್ ಕೂಡ ಬೆನೆ ಇಸ್ರೇಲಿ. ಈ ಕಲಾವಿದರ ಮೇಲೆ 2017ರಲ್ಲಿ ‘ಶಾಲೋಮ್ ಬಾಲಿವುಡ್’ ಎಂಬ ಸಾಕ್ಷ್ಯಚಿತ್ರ ಬಂತು. ಸಿಕ್ಕರೆ ಅಜ್ಜಿಗೆ ತೋರಿಸಿ.

ಠಾಣೆ ಅಕ್ಕ:
ಇಬ್ಬರಿಗೂ ಕೈಮುಗಿದೆ. ಎಲ್ಲ ಓದಿ ಹೇಳಿದೆ. ಜಾನ್ ಚಾಚಾ ಹೆಸರು ಬಂದದ್ದೇ ಅಜ್ಜಿ, ‘ಆತ ನಮ್ಮ ಚೇವುಲ್‌ಕರ್!’ ಎಂದು ಡೇವಿಡ್ ಅವರ ಮನೆತನದ ಹೆಸರು ಹೇಳಿ ಎದ್ದು ಕೂತರು.

ಆಮೇಲೆ ಅವರು ಹೇಳಿದ ಕಥೆ ನನ್ನ ತಲೆಯಿಂದ ಹೋಗುತ್ತಿಲ್ಲ. ಮಸ್ಜಿದ್ ಬಂದರಿನ ಸ್ಯಾಮ್ಯುಯೆಲ್ ಸ್ಟ್ರೀಟಿನಲ್ಲಿರುವ, 1796ರಲ್ಲಿ ಕಟ್ಟಿದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮುಂಬೈಗೇ ಮೊದಲನೆಯದು. ಕಟ್ಟಿಸಿದವರು ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್. ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ, ಜೀವ ಉಳಿದು ಬಂದದ್ದಕ್ಕೆ ಹರಕೆ ತೀರಿಸಿದ್ದಂತೆ. ‘ಕುರಾನಿನಲ್ಲೂ ಬರುವ ಬೆನೆ ಇಸ್ರೇಲ್ ಎಂಬ ಹೆಸರು ಕೇಳಿ ಟಿಪ್ಪುವಿನ ತಾಯಿಯೇ ಉಳಿಸಿದಳು’ ಅಂತ ಇವರ ಮನೆಗಳಲ್ಲಿ ಹೇಳುತ್ತಾರೆ. ಅರ್ಧ ಕಥೆ ನಮ್ಮ ಮೈಸೂರು ಸೀಮೆಯದೇ! ಇದನ್ನು ಕನ್ನಡದವರೇ ಯಾಕೆ ಸಿನಿಮಾ ಮಾಡಬಾರದು?

ಶನಿವಾರ ಕತ್ತಲಾಗಿ ಸಬ್ಬಾತ್, ಅಂದರೆ ಅವರ ವಾರದ ವಿಶ್ರಾಂತಿ ದಿನ, ಮುಗಿದ ಮೇಲೆ ‘ಬೂಟ್ ಪಾಲಿಶ್’ ಹಾಕಬೇಕಂತೆ. ಅವಲಕ್ಕಿ ಈ ಸಲ ನಾನು ಮಾಡುತ್ತೇನೆ.